ಬೀಗ, ಬೀಗದ ಕೈ ಮತ್ತು ನಡುವಿನ ನೀರು

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಬೀಗ ಮತ್ತು ಬೀಗದ ಕೈಯ ಹೋಲಿಕೆ ನೆನಪಿರುತ್ತದೆ. ಕಿಣ್ವ ಬೀಗವಿದ್ದ ಹಾಗೆ. ಅದು ಕೆಲಸ ಮಾಡಬೇಕಾದ ವಸ್ತು ಬೀಗದ ಕೈ ಇದ್ದ ಹಾಗೆ. ಎರಡರ ಆಕಾರ ಹೊಂದಿದರೆ ಬೀಗ ತೆರೆಯುತ್ತದೆ, ಹೊಂದದಿದ್ದರೆ ಇಲ್ಲ. ಈ ಮಾತನ್ನು 1894ರಲ್ಲಿ ಹೇಳಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಶರ್. ಅದನ್ನು ಹೇಳುವಾಗ ಅವರ ಮುಂದಿದ್ದದ್ದು ಸಕ್ಕರೆಯ ಪ್ರಶ್ನೆ. ಹೋಲಿಕೆ ಎಷ್ಟು ಚೆನ್ನಾಗಿತ್ತೆಂದರೆ ಇವತ್ತಿಗೂ ಪಾಠದಲ್ಲಿ ಉಳಿದಿದೆ. ಆದರೆ ಅದರಲ್ಲಿ ಒಂದು ಪಾತ್ರ ಬಿಟ್ಟುಹೋಗಿತ್ತು: ನೀರು. ಬಿಟ್ಟುಹೋದ ಆ ಪಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು, ಸಕ್ಕರೆಯನ್ನು ಗುರುತಿಸಿ ಹಿಡಿಯಬಲ್ಲ ಅಣುವೊಂದನ್ನು ಮನುಷ್ಯರೇ ಕಟ್ಟುವುದಕ್ಕೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಇನ್ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಯೊಬ್ಬರು ರಾತ್ರಿ ನಿಶ್ಚಿಂತೆಯಿಂದ ಮಲಗಬಹುದೇ ಎಂಬ ಪ್ರಶ್ನೆಯೂ ಈ ಚರಿತ್ರೆಯೊಳಗೆ ಸೇರಿಕೊಂಡಿದೆ.

ಫಿಶರ್ ಕಾಲದಲ್ಲಿ ಸಕ್ಕರೆಗಳೆಂದರೆ ಪ್ರಯೋಗಾಲಯಗಳಿಗೆ ತಲೆನೋವು. ಶುದ್ಧ ಮಾಡಲು ಹೊರಟರೆ ಅವು ಹರಳುಗಟ್ಟದೆ ಪಾಕವಾಗಿ ಪಾತ್ರೆಗೆ ಅಂಟಿಕೊಳ್ಳುತ್ತಿದ್ದವು. 1875ರಲ್ಲಿ ತಾವೇ ಕಂಡುಹಿಡಿದಿದ್ದ ಫಿನೈಲ್‌ಹೈಡ್ರಜೀನ್ ಎಂಬ ವಸ್ತುವನ್ನು ಫಿಶರ್ ಮುಂದೆ ಸಕ್ಕರೆಗಳ ಜೊತೆ ಬೆರೆಸಿ ನೋಡಿದರು. ಹಳದಿ ಬಣ್ಣದ ಹರಳುಗಳು ಬಂದವು. ದಾರಿ ಸಿಕ್ಕಿತು. ಆದರೆ ಆ ವಸ್ತು ವಿಷ. ವರ್ಷಗಟ್ಟಲೆ ಅದರ ಜೊತೆ ಕೆಲಸ ಮಾಡಿ ಅವರು ಆರೋಗ್ಯ ಕಳೆದುಕೊಂಡರು. ಎಕ್ಸ್‌ರೇ ಇನ್ನೂ ಪತ್ತೆಯಾಗಿರದಿದ್ದ ಕಾಲದಲ್ಲಿ, 1891ರ ಹೊತ್ತಿಗೆ, ಗ್ಲೂಕೋಸ್ ಅಣುವಿನಲ್ಲಿ ಯಾವ ಗುಂಪು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಪ್ರಯೋಗ ಮತ್ತು ತರ್ಕ ಎರಡರಿಂದಲೇ ಬಿಡಿಸಿಟ್ಟರು. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ದಿಕ್ಕುಗಳ ಲೆಕ್ಕ ಯಾಕೆ ಮುಖ್ಯ? ಗ್ಲೂಕೋಸ್, ಮ್ಯಾನೋಸ್, ಗಾಲ್ಯಾಕ್ಟೋಸ್ ಮೂರರಲ್ಲೂ ಇರುವುದು ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಮ್ಲಜನಕ. ಗ್ಲೂಕೋಸಿನ ಎರಡನೆಯ ಕಾರ್ಬನ್ನಿನ ಮೇಲಿರುವ ಹೈಡ್ರಾಕ್ಸಿಲ್ ಗುಂಪು, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಹೈಡ್ರೋಜನ್‌ನ ಜೋಡಿ, ಮಗ್ಗುಲು ಬದಲಿಸಿದರೆ ಅದು ಮ್ಯಾನೋಸ್. ನಾಲ್ಕನೆಯದರ ಮೇಲಿರುವುದು ಬದಲಿಸಿದರೆ ಗಾಲ್ಯಾಕ್ಟೋಸ್. ಅಷ್ಟೇ ವ್ಯತ್ಯಾಸ. ಇಷ್ಟು ಸಣ್ಣ ವ್ಯತ್ಯಾಸ ಕಿಣ್ವಗಳಿಗೆ ಗೊತ್ತಾಗುತ್ತದೆ ಎಂಬುದೇ ಫಿಶರ್ ಅವರ ಬೆರಗು. ಗ್ಲೂಕೋಸಿನಿಂದ ತಯಾರಿಸಿದ ಎರಡು ಅವಳಿ ವಸ್ತುಗಳನ್ನು ಅವರು ಪರೀಕ್ಷಿಸಿದರು. ಯೀಸ್ಟಿನ ಕಿಣ್ವ ಒಂದನ್ನು ಮಾತ್ರ ಒಡೆಯಿತು; ಬಾದಾಮಿಯಿಂದ ತೆಗೆದ ಎಮಲ್ಸಿನ್ ಎಂಬ ಕಿಣ್ವ ಇನ್ನೊಂದನ್ನು ಮಾತ್ರ ಒಡೆಯಿತು. ಬೀಗದ ಹೋಲಿಕೆ ಹುಟ್ಟಿದ್ದು ಇಲ್ಲಿ.

ಸಕ್ಕರೆಯನ್ನು ಗುರುತಿಸುವ ಇನ್ನೊಂದು ಬಗೆಯ ವಸ್ತುಗಳು ಅದಾಗಲೇ ಸಿಕ್ಕಿದ್ದವು, ಅವು ಏನೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. 1888ರಲ್ಲಿ, ಇಂದಿನ ಎಸ್ಟೋನಿಯಾದ ಟಾರ್ಟು ನಗರದಲ್ಲಿ, ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಹರಳು ಬೀಜದ ವಿಷವನ್ನು ಪರೀಕ್ಷಿಸುತ್ತಿದ್ದ. ಆ ಸಾರವನ್ನು ರಕ್ತಕ್ಕೆ ಹಾಕಿದರೆ ಕೆಂಪು ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು. 1919ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್, ಕತ್ತಿಯಂತೆ ಉದ್ದ ಕಾಯಿ ಬಿಡುವ ಅವರೆ ಜಾತಿಯ ಜ್ಯಾಕ್ ಬೀನ್ ಕಾಳಿನಿಂದ ಕಾನ್‌ಕಾನವಾಲಿನ್-ಎ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಸಮ್ನರ್, ಒಂದೇ ಕೈಯಲ್ಲಿ ಪ್ರಯೋಗ ನಡೆಸಿ ಮುಂದೆ ನೊಬೆಲ್ ಪಡೆದವರು. ಈ ಪ್ರೋಟೀನ್ ಕೂಡ ರಕ್ತಕಣಗಳನ್ನು ಗಂಟು ಹಾಕುತ್ತದೆ, ಆದರೆ ಸಕ್ಕರೆ ಬೆರೆಸಿದರೆ ಅಂಟುವುದು ನಿಲ್ಲುತ್ತದೆ ಎಂದು 1936ರಲ್ಲಿ ಅವರೂ ಅವರ ಸಹೋದ್ಯೋಗಿ ಹೋವೆಲ್ ಅವರೂ ತೋರಿಸಿದರು. ಅಂದರೆ ಕಣಗಳ ಮೈಮೇಲಿರುವ ಸಕ್ಕರೆಯನ್ನೇ ಅದು ಹಿಡಿದುಕೊಳ್ಳುತ್ತಿತ್ತು. ಹೊರಗಿನಿಂದ ಬಂದ ಸಕ್ಕರೆ ಆ ಜಾಗವನ್ನು ಆಕ್ರಮಿಸಿದಾಗ ಕಣಗಳನ್ನು ಬಿಟ್ಟುಬಿಟ್ಟಿತು. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1954ರಲ್ಲಿ ವಿಲಿಯಂ ಬಾಯ್ಡ್ ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರಿಟ್ಟರು. ಆರಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಹೆಸರು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತೇವಲ್ಲ, ಆ ಅರ್ಥದಲ್ಲಿ ಆರಿಸುವ ಪ್ರೋಟೀನುಗಳು ಇವು. ಈ ಅಧ್ಯಾಯದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಅವರ ಸಂಗಡಿಗರು 1994ರಲ್ಲಿ ಕಡಲೆಕಾಯಿ ಲೆಕ್ಟಿನ್ನಿನ ರಚನೆಯನ್ನೂ 1996ರಲ್ಲಿ ಹಲಸಿನ ಬೀಜದ ಜ್ಯಾಕಲಿನ್ ಎಂಬ ಲೆಕ್ಟಿನ್ನಿನ ರಚನೆಯನ್ನೂ ಪ್ರಕಟಿಸಿದರು. ಜ್ಯಾಕಲಿನ್ ಮಾಡುವ ಉಪಾಯ ಸೊಗಸಾದದ್ದು. ಪ್ರೋಟೀನಿನ ಸರಪಳಿ ತಯಾರಾದ ಮೇಲೆ ಒಂದು ಕಡೆ ತುಂಡಾಗುತ್ತದೆ; ಹಾಗೆ ತುಂಡಾದಾಗ ಹೊಸದಾಗಿ ಹುಟ್ಟಿದ ತುದಿಯೇ ಗಾಲ್ಯಾಕ್ಟೋಸನ್ನು ಹಿಡಿಯಲು ನೆರವಾಗುತ್ತದೆ. ನಾವು ಬೇಯಿಸಿ ಸಾರು, ಪಲ್ಯ ಮಾಡಿಕೊಳ್ಳುವ ಹಲಸಿನ ಬೀಜದೊಳಗೆ ಇಂಥದ್ದೊಂದು ಏರ್ಪಾಟಿದೆ.

ಹರಳು ಬೀಜಕ್ಕೆ, ಅವರೆ ಜಾತಿಯ ಕಾಳಿಗೆ, ಹಲಸಿನ ಬೀಜಕ್ಕೆ ಸಲೀಸಾದ ಕೆಲಸ ರಸಾಯನಶಾಸ್ತ್ರಜ್ಞರಿಗೆ ಯಾಕೆ ಕಷ್ಟವಾಯಿತು? ಉತ್ತರ ಒಂದು ಲೋಟ ಪಾನಕದಲ್ಲಿದೆ. ಸಕ್ಕರೆ ನೀರಿಗೆ ಬಿದ್ದ ತಕ್ಷಣ ಕರಗುತ್ತದೆ, ಯಾಕೆಂದರೆ ಸಕ್ಕರೆಯ ಅಣುವಿನ ಹೊರಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳು. ನೀರಿನ ಅಣುವೂ ಹೆಚ್ಚುಕಡಿಮೆ ಅದೇ. ಹೈಡ್ರೋಜನ್ ಬಂಧವೆಂಬ ಸಡಿಲ ಕೈಹಿಡಿತದಿಂದ ನೀರು ನೀರನ್ನು ಹಿಡಿದುಕೊಂಡ ಹಾಗೆಯೇ ಸಕ್ಕರೆಯನ್ನೂ ಹಿಡಿದುಕೊಳ್ಳುತ್ತದೆ. ಹೊರಗಿನಿಂದ ನೋಡುವ ಅಣುವಿಗೆ ಸಕ್ಕರೆಯೆಂದರೆ ನೀರಿನ ವೇಷ ಹಾಕಿಕೊಂಡ ಇನ್ನೊಂದು ವಸ್ತು. ಜೊತೆಗೆ ಸಂಖ್ಯೆಯ ಸಮಸ್ಯೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಸಕ್ಕರೆ 90 ಎಂದು ವರದಿ ಬಂದರೆ, 100 ಮಿಲಿಲೀಟರಿನಲ್ಲಿ 90 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ಅಣುಗಳ ಲೆಕ್ಕಕ್ಕೆ ತಂದರೆ, ಒಂದು ಗ್ಲೂಕೋಸಿಗೆ ಸುಮಾರು ಹತ್ತು ಸಾವಿರ ನೀರು. ಜಾತ್ರೆಯಲ್ಲಿ ಹತ್ತು ಸಾವಿರ ಜನ ಒಂದೇ ಬಣ್ಣದ ಅಂಗಿ ತೊಟ್ಟು ನಿಂತಿರುವಾಗ, ಅದೇ ಬಣ್ಣದ ಅಂಗಿ ತೊಟ್ಟ ಒಬ್ಬನನ್ನು ಹುಡುಕುವ ಕೆಲಸ ಇದು. ಫಿಶರ್ ಅವರ ಬೀಗ ಮತ್ತು ಬೀಗದ ಕೈ ಗಾಳಿಯಲ್ಲಿ ಭೇಟಿಯಾಗುವುದಿಲ್ಲ. ಎರಡೂ ನೀರಿನಲ್ಲಿ ಮುಳುಗಿವೆ, ಬೀಗದ ತೂತಿನಲ್ಲಿ ಮೊದಲೇ ನೀರು ತುಂಬಿದೆ.

ಅಣುವನ್ನು ಹಿಡಿಯುವ ಅಣುವನ್ನು ಮನುಷ್ಯರು ಕಟ್ಟತೊಡಗಿದ್ದು 1960ರ ದಶಕದಲ್ಲಿ. ಡ್ಯುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ ಬೇರೇನನ್ನೋ ತಯಾರಿಸಲು ಹೋಗಿ, ಪಾತ್ರೆಯ ತಳದಲ್ಲಿ ಸಿಕ್ಕ ಚೂರುಪಾರು ಬಿಳಿ ಹರಳುಗಳನ್ನು ಎಸೆಯದೆ ಪರೀಕ್ಷಿಸಿದರು. ಅದು ಬಳೆಯಾಕಾರದ ಅಣು. ನಡುವಿನ ಜಾಗದಲ್ಲಿ ಪೊಟ್ಯಾಸಿಯಂ ಅಯಾನನ್ನು ಕೂರಿಸಿಕೊಳ್ಳುತ್ತಿತ್ತು. ಪಿಎಚ್‌.ಡಿ. ಪದವಿಯಿಲ್ಲದ ಪೆಡರ್ಸನ್ 1967ರಲ್ಲಿ ಪ್ರಕಟಿಸಿದ ಈ ಕೆಲಸ, 1987ರಲ್ಲಿ ಡೊನಾಲ್ಡ್ ಕ್ರಾಮ್ ಮತ್ತು ಜ್ಯಾನ್-ಮರಿ ಲೆಹ್ನ್ ಅವರ ಜೊತೆ ಅವರಿಗೆ ನೊಬೆಲ್ ತಂದಿತು.

ಪೊಟ್ಯಾಸಿಯಂ ಧನ ಅಯಾನು. ಕ್ಲೋರೈಡ್, ಫ್ಲೋರೈಡ್, ಸಲ್ಫೇಟ್‌ನಂಥ ಋಣ ಅಯಾನುಗಳನ್ನು ಹಿಡಿಯುವುದು ಇನ್ನೂ ತೊಡಕಿನದು. ಅವುಗಳನ್ನೂ ನೀರು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಆಕಾರವೂ ಒಂದೇ ಬಗೆಯದಲ್ಲ. 1968ರಲ್ಲಿ ಅದೇ ಡ್ಯುಪಾಂಟಿನ ಪಾರ್ಕ್ ಮತ್ತು ಸಿಮನ್ಸ್ ಕ್ಲೋರೈಡನ್ನು ಪಂಜರದೊಳಗೆ ಹಿಡಿದಿಡುವ ಅಣುವನ್ನು ವರದಿ ಮಾಡಿದರು. ಆದರೂ ಈ ಕ್ಷೇತ್ರ ಗಟ್ಟಿಯಾಗಿ ಬೆಳೆಯಲು ದಶಕಗಳೇ ಬೇಕಾದವು.

ಇಲ್ಲಿ ಚರಿತ್ರೆಯ ಒಂದು ತಮಾಷೆ ಇದೆ. 1886ರಲ್ಲಿ ಅಡಾಲ್ಫ್ ಬೇಯರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಪಿರೋಲ್ ಮತ್ತು ಅಸಿಟೋನುಗಳನ್ನು ಆಮ್ಲದ ಜೊತೆ ಬೆರೆಸಿ ಬಿಳಿ ಹರಳುಗಳನ್ನು ಪಡೆದಿದ್ದರು. ನೂರಾ ಹತ್ತು ವರ್ಷ ಆ ವಸ್ತುವಿನತ್ತ ಹೆಚ್ಚು ಯಾರೂ ನೋಡಲಿಲ್ಲ. 1996ರಲ್ಲಿ ಟೆಕ್ಸಾಸಿನ ಜೋನಾಥನ್ ಸೆಸ್ಲರ್ ಮತ್ತು ಸಂಗಡಿಗರು ಅದನ್ನೇ ಎತ್ತಿಕೊಂಡು ನೋಡಿದರೆ, ನಾಲ್ಕು ಉಂಗುರಗಳ ಆ ಅಣು ಫ್ಲೋರೈಡ್ ಮತ್ತು ಕ್ಲೋರೈಡನ್ನು ಬಟ್ಟಲಿನಂತೆ ಹಿಡಿದುಕೊಳ್ಳುತ್ತಿತ್ತು. ಈ ಬೇಯರ್ ಯಾರೆಂದರೆ ಫಿಶರ್ ಅವರ ಗುರು. ಬೀಗದ ಹೋಲಿಕೆ ಕೊಟ್ಟ ಶಿಷ್ಯನ ಗುರುವಿನ ಸೀಸೆಯಲ್ಲೇ, ಹೋಲಿಕೆಗೂ ಎಂಟು ವರ್ಷ ಮೊದಲು, ಒಂದು ಬೀಗ ತಯಾರಾಗಿ ಕೂತಿತ್ತು. ಅದನ್ನು ಬೀಗ ಎಂದು ನೋಡುವ ಕಣ್ಣು ಮಾತ್ರ ಇರಲಿಲ್ಲ.

ಸಕ್ಕರೆಯ ಮೊದಲ ಗೆಲುವೂ ಬೇಯರ್ ತಲೆಮಾರಿನ ರಸಾಯನಕ್ಕೇ ಋಣಿ. ರಿಸಾರ್ಸಿನಾಲ್ ಮತ್ತು ಆಲ್ಡಿಹೈಡುಗಳನ್ನು ಬೆರೆಸುವ ಪ್ರಯೋಗವನ್ನು ಅವರು 1872ರಲ್ಲೇ ಮಾಡಿದ್ದರು. ಅದೇ ಜಾತಿಯ ಬಟ್ಟಲಾಕಾರದ ಅಣುವನ್ನು ಬಳಸಿ 1980ರ ದಶಕದ ಕೊನೆಯಲ್ಲಿ ಜಪಾನಿನ ಯಾಸುಹಿರೊ ಅವೊಯಾಮ, ರೈಬೋಸ್ ಎಂಬ ಸಕ್ಕರೆಯನ್ನು ನೀರಿನಿಂದ ಎಳೆದು ಎಣ್ಣೆಯಂಥ ದ್ರಾವಕಕ್ಕೆ ತಂದರು. ಬಹಳ ದೊಡ್ಡ ಹೆಜ್ಜೆ. ಆದರೆ ಹಿಡಿತ ಇದ್ದದ್ದು ಆ ದ್ರಾವಕದೊಳಗೆ. ಅಲ್ಲಿ ನೀರಿನ ಪೈಪೋಟಿ ಇರಲಿಲ್ಲ. ನಮ್ಮ ರಕ್ತದಲ್ಲಿ ಹರಿಯುವುದು ಕ್ಲೋರೋಫಾರ್ಮ್ ಅಲ್ಲವಲ್ಲ.

ನೀರಿನಲ್ಲೇ ಹಿಡಿಯಲು ಒಂದು ಅಡ್ಡದಾರಿ ಸಿಕ್ಕಿತು. ಬೋರಾನ್ ಇರುವ ಬೋರಾನಿಕ್ ಆಮ್ಲಗಳು ಸಕ್ಕರೆಯ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್‌ಗಳ ಜೊತೆ ನಿಜವಾದ ರಾಸಾಯನಿಕ ಬಂಧವನ್ನೇ ಕಟ್ಟುತ್ತವೆ, ಬೇಕೆಂದಾಗ ಬಿಡಿಸಿಕೊಳ್ಳುತ್ತವೆ. ತೊಂದರೆಯೆಂದರೆ ಅವಕ್ಕೆ ಗ್ಲೂಕೋಸಿಗಿಂತ ಹಣ್ಣಿನ ಸಕ್ಕರೆ ಫ್ರಕ್ಟೋಸ್ ಮೇಲೆ ಒಲವು ಹೆಚ್ಚು. ಜಪಾನಿನ ಸೈಜಿ ಶಿಂಕಾಯ್ ಮತ್ತು ಟೋನಿ ಜೇಮ್ಸ್ 1994ರಲ್ಲಿ ಇದಕ್ಕೊಂದು ಪರಿಹಾರ ತೋರಿಸಿದರು: ಗ್ಲೂಕೋಸಿನ ಅಳತೆಗೆ ಸರಿಹೋಗುವ ಅಂತರದಲ್ಲಿ ಎರಡು ಬೋರಾನಿಕ್ ಆಮ್ಲಗಳನ್ನು ಇಟ್ಟರೆ ಗ್ಲೂಕೋಸ್ ಎರಡನ್ನೂ ಹಿಡಿದುಕೊಳ್ಳುತ್ತದೆ, ಅಣು ಬೆಳಗುತ್ತದೆ. ಈ ರಸಾಯನದ ಮೇಲೆ ನಿಂತ ಎವರ್‌ಸೆನ್ಸ್ ಎಂಬ ಸಾಧನಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತೋಳಿನ ಚರ್ಮದ ಕೆಳಗೆ ಇಟ್ಟ ಪುಟ್ಟ ಕಡ್ಡಿ, 90 ದಿನ ಸಕ್ಕರೆಯ ಮಟ್ಟವನ್ನು ಬೆಳಕಿನ ಮೂಲಕ ಹೇಳುತ್ತಿತ್ತು.

ಬೋರಾನಿನ ನೆರವಿಲ್ಲದೆ, ಲೆಕ್ಟಿನ್ ಮಾಡುವ ಹಾಗೆಯೇ ಮಾಡಬೇಕೆಂದು ಹಟ ಹಿಡಿದವರು ಆಂಟನಿ ಡೇವಿಸ್. ಮೊದಲು ಡಬ್ಲಿನ್, ಆಮೇಲೆ ಬ್ರಿಸ್ಟಲ್. ದಾರಿ ತೋರಿಸಿದ್ದು ಪ್ರೋಟೀನುಗಳೇ. ಫ್ಲೋರಾಂಟೆ ಕಿಯೋಚೋ ಮತ್ತು ಸಂಗಡಿಗರು 1980ರ ದಶಕದಲ್ಲಿ ಬ್ಯಾಕ್ಟೀರಿಯಾದ ಸಕ್ಕರೆ ಹಿಡಿಯುವ ಪ್ರೋಟೀನುಗಳ ಚಿತ್ರ ತೆಗೆದಾಗ ಎರಡು ಉಪಾಯಗಳು ಕಂಡಿದ್ದವು. ಗ್ಲೂಕೋಸನ್ನು ಒಂದು ಬಿಲ್ಲೆ ಎಂದುಕೊಳ್ಳೋಣ. ಅದರ ಅಂಚಿನ ಸುತ್ತ ಹೈಡ್ರಾಕ್ಸಿಲ್ ಗುಂಪುಗಳಿವೆ, ಅವು ನೀರಿನ ಸ್ನೇಹಿತರು. ಆದರೆ ಬಿಲ್ಲೆಯ ಮೇಲ್ಮುಖ ಮತ್ತು ಕೆಳಮುಖದಲ್ಲಿ ಇರುವುದು ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್‌ಗಳು, ಅವಕ್ಕೆ ನೀರಿನ ಹಂಬಲ ಅಷ್ಟಿಲ್ಲ. ಪ್ರೋಟೀನು ಅಂಚನ್ನು ಹೈಡ್ರೋಜನ್ ಬಂಧಗಳಿಂದ ಹಿಡಿಯುತ್ತದೆ, ಎರಡು ಮುಖಗಳಿಗೆ ಚಪ್ಪಟೆ ಉಂಗುರಗಳನ್ನು ಒತ್ತಿ ಇಡುತ್ತದೆ. ವೇಷದ ಸಂದು ಸಿಕ್ಕಿದ್ದು ಈ ಮುಖಗಳಲ್ಲಿ.

ಡೇವಿಸ್ ಕಟ್ಟಿದ್ದು ಇದರ ಪಡಿಯಚ್ಚು: ಮೇಲೊಂದು ಚಪ್ಪಡಿ, ಕೆಳಗೊಂದು ಚಪ್ಪಡಿ, ನಡುವೆ ಹೈಡ್ರೋಜನ್ ಬಂಧ ಕೊಡಬಲ್ಲ ಕಂಬಗಳು. ಅವರು ಇದನ್ನು ದೇಗುಲಕ್ಕೆ ಹೋಲಿಸಿದರು. ನಮಗೆ ಊರಾಚೆಯ ಕಲ್ಲುಮಂಟಪ ನೆನಪಾದರೂ ಸರಿಯೇ. 1998ರ ಮೊದಲ ಮಂಟಪ ಕೆಲಸ ಮಾಡಿದ್ದು ಎಣ್ಣೆಯಂಥ ದ್ರಾವಕದಲ್ಲಿ. 2005ರಲ್ಲಿ ನೀರಿನಲ್ಲಿ ಗ್ಲೂಕೋಸನ್ನು ಹಿಡಿಯಿತು, ಆದರೆ ಹಿಡಿತದ ಬಲವನ್ನು ಅಳೆಯುವ ಸಂಖ್ಯೆ ಹತ್ತರ ಆಸುಪಾಸು. ಹಿಡಿದಿದೆ ಎನ್ನಲು ಸಾಕು, ಬಳಸಲು ಸಾಲದು. 2007, 2012 ಎಂದು ಹಂತಹಂತವಾಗಿ ಸುಧಾರಿಸಿ, 2019ರಲ್ಲಿ ಪ್ರಕಟವಾದ ಮಂಟಪದಲ್ಲಿ ಆ ಸಂಖ್ಯೆ 18,000ಕ್ಕೆ ಏರಿತ್ತು. ಅದರ ವಿನ್ಯಾಸ ಹಿಂದಿನವುಗಳಿಗಿಂತ ಸರಳ. ಮಂಟಪದೊಳಗೆ ತುಂಬಿದ್ದ ನೀರಿಗೆ ಅಲ್ಲಿ ಹಿತವಿರಲಿಲ್ಲ. ಗ್ಲೂಕೋಸ್ ಒಳಗೆ ಬಂದಾಗ ಅದು ಹೊರಗೆ ಹೋಗಿ ತನ್ನ ಗುಂಪು ಸೇರಿಕೊಂಡಿತು. ನೂರಿಪ್ಪತ್ತು ವರ್ಷ ಅಡ್ಡಿಯಾಗಿದ್ದ ನೀರೇ ಈಗ ಸಕ್ಕರೆಯನ್ನು ಒಳಕ್ಕೆ ತಳ್ಳುತ್ತಿತ್ತು.

ಇಷ್ಟೆಲ್ಲ ಪಾಡು ಯಾತಕ್ಕೆ? 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ಮಧುಮೇಹಿ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟಾಗ ಸಾವಿನ ಬಾಯಲ್ಲಿದ್ದವನು ಬದುಕಿದ. ಕಂಡುಹಿಡಿದವರು ಅದರ ಪೇಟೆಂಟನ್ನು 1923ರಲ್ಲಿ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಆದರೆ ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್‌ಗೆ ಕಣ್ಣಿಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡದೆ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಊಟ ತಪ್ಪಿದರೆ, ಹೊಲದಲ್ಲಿ ಹೆಚ್ಚು ದುಡಿದರೆ, ಅಳತೆ ಸ್ವಲ್ಪ ಹೆಚ್ಚಾದರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಪ್ರಜ್ಞೆ ತಪ್ಪುವುದು, ಕೆಲವೊಮ್ಮೆ ಸಾವು. ನಿದ್ದೆಯಲ್ಲಿ ಹೀಗಾದರೆ ತಿಳಿಯುವುದೇ ಇಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಎಲ್ಲರೂ ಇನ್ಸುಲಿನ್ ಮೇಲಿಲ್ಲ. ಇರುವವರ ಮನೆಯಲ್ಲಿ ಈ ಭಯ ಇದ್ದೇ ಇರುತ್ತದೆ.

ಇನ್ಸುಲಿನ್‌ಗೆ ಕಣ್ಣು ಕೊಡುವ ಯೋಚನೆ 1979ರದು. ಮೈಕೇಲ್ ಬ್ರೌನ್‌ಲೀ ಮತ್ತು ಆಂಟನಿ ಸೆರಾಮಿ ಇನ್ಸುಲಿನ್‌ಗೆ ಒಂದು ಸಕ್ಕರೆ ಅಂಟಿಸಿ, ಅದನ್ನು ಸಮ್ನರ್ ಅವರ ಕಾನ್‌ಕಾನವಾಲಿನ್-ಎ ಕೈಯಲ್ಲಿ ಹಿಡಿಸಿದರು. ಗ್ಲೂಕೋಸ್ ಹೆಚ್ಚಾದಾಗ ಅದು ಆ ಜಾಗಕ್ಕೆ ಬಂದು ಇನ್ಸುಲಿನ್ ಬಿಡುಗಡೆಯಾಗುತ್ತದೆ. 1936ರಲ್ಲಿ ರಕ್ತಕಣಗಳನ್ನು ಬಿಡಿಸಿದ ಅದೇ ಜಾಗ ಬದಲಾವಣೆ. ಆದರೆ ಬೀಜದ ಲೆಕ್ಟಿನ್ ದೇಹಕ್ಕೆ ಪರಕೀಯ. ಜೀವಕೋಶಗಳನ್ನು ಅಂಟಿಸುತ್ತದೆ, ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ, ಗ್ಲೂಕೋಸಿಗಿಂತ ಮ್ಯಾನೋಸನ್ನು ಹೆಚ್ಚು ಇಷ್ಟಪಡುತ್ತದೆ. ಯೋಚನೆ ಸರಿಯಿತ್ತು, ಕೈ ಬೇರೆ ಬೇಕಿತ್ತು. ಪ್ರಕೃತಿಯಲ್ಲಿ ಲೆಕ್ಟಿನ್‌ಗಳಿರುವಾಗ ಕೃತಕವಾದದ್ದು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಬ್ರಿಸ್ಟಲ್ ಮಂಟಪವನ್ನು ಬೆಳೆಸಲು ಹುಟ್ಟಿದ್ದ ಜೈಲೋ ಕಂಪನಿಯನ್ನು 2018ರಲ್ಲಿ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕೊಂಡುಕೊಂಡಿತು. ಎಲ್ಲ ಗುರಿಗಳೂ ಈಡೇರಿದರೆ ಮೊತ್ತ 80 ಕೋಟಿ ಡಾಲರ್ ದಾಟಬಹುದು ಎಂಬ ಒಪ್ಪಂದ. 2024ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಹೊಸ ಇನ್ಸುಲಿನ್ ಪ್ರಕಟವಾಯಿತು. ಅದರ ಮೈಮೇಲೆ ಒಂದು ಕಡೆ ಮಂಟಪ, ಇನ್ನೊಂದು ಕಡೆ ಗ್ಲೂಕೋಸಿನಂಥದೇ ಒಂದು ತುಣುಕು. ರಕ್ತದಲ್ಲಿ ಸಕ್ಕರೆ ಕಡಿಮೆ ಇದ್ದಾಗ ತನ್ನದೇ ತುಣುಕು ತನ್ನದೇ ಮಂಟಪದಲ್ಲಿ ಕೂರುತ್ತದೆ, ಇನ್ಸುಲಿನ್ ಮುಚ್ಚಿಕೊಳ್ಳುತ್ತದೆ. ಸಕ್ಕರೆ ಏರಿದಾಗ ಹೊರಗಿನ ಗ್ಲೂಕೋಸ್ ಬಂದು ಆ ಜಾಗ ತೆಗೆದುಕೊಳ್ಳುತ್ತದೆ, ಇನ್ಸುಲಿನ್ ತೆರೆದುಕೊಳ್ಳುತ್ತದೆ. ನಮ್ಮ ವರದಿಗಳ ಲೆಕ್ಕದಲ್ಲಿ ಸಕ್ಕರೆ 54ರಿಂದ 360ಕ್ಕೆ ಏರಿದಾಗ ಗ್ರಾಹಕದ ಮೇಲೆ ಅದರ ಹಿಡಿತ 3.2 ಪಟ್ಟು ಹೆಚ್ಚುತ್ತದೆ. ಇಲಿ ಮತ್ತು ಹಂದಿಗಳಲ್ಲಿ ಅದು ಸಕ್ಕರೆಯ ಕುಸಿತವನ್ನು ತಗ್ಗಿಸಿತು. ಕಡಿಮೆ ಸಕ್ಕರೆಯಲ್ಲಿ ಇದು ಪೂರ್ತಿ ಆರಿಹೋಗುವ ದೀಪವಲ್ಲ, ಬತ್ತಿ ಇಳಿಸಿದ ದೀಪ.

ಸಂಶೋಧನಾ ವಿದ್ಯಾರ್ಥಿಗಳಾದ ನಮಗೆ ದೊಡ್ಡ ಸಂಖ್ಯೆಗಳ ಮೇಲೆ ಮೋಹ. 2019ರಲ್ಲೇ ಅಮೆರಿಕದ ಇಂಡಿಯಾನಾದ ಅಮರ್ ಫ್ಲಡ್ ಗುಂಪು ಕ್ಲೋರೈಡಿಗಾಗಿ ಕಟ್ಟಿದ ಪಂಜರದ ಹಿಡಿತ, ನೀರಲ್ಲದ ದ್ರಾವಕದಲ್ಲಿ, ಒಂದರ ಮುಂದೆ ಹದಿನೇಳು ಸೊನ್ನೆಯಷ್ಟು. ಉಪ್ಪನ್ನು ತೆಗೆಯಬೇಕಾದಾಗ, ಲೋಹ ತುಕ್ಕು ಹಿಡಿಯದಂತೆ ಕಾಯಬೇಕಾದಾಗ ಅಂಥ ಬಿಗಿ ಹಿಡಿತ ಬೇಕು. ಆದರೆ ಗ್ಲೂಕೋಸನ್ನು ಅಷ್ಟು ಬಿಗಿಯಾಗಿ ಹಿಡಿದರೆ ಇನ್ಸುಲಿನ್ ಒಮ್ಮೆ ತೆರೆದುಕೊಂಡು ಹಾಗೆಯೇ ಉಳಿಯುತ್ತದೆ, ಮತ್ತೆ ಕುರುಡು. ಇಲ್ಲಿ ಬೇಕಾದದ್ದು ಹಿಡಿಯುವ ಕೈ, ಸಮಯಕ್ಕೆ ಬಿಡುವ ಕೈ ಕೂಡ. ಫಿಶರ್ ಅವರ ಹೋಲಿಕೆಯಲ್ಲಿ ಹೊಂದುವುದಕ್ಕೆ ಒತ್ತು ಇತ್ತು. ಬೀಗದ ಕೈಯನ್ನು ಹೊರತೆಗೆಯಲು ಬರಬೇಕು ಎಂಬುದನ್ನು ಹೇಳಬೇಕಾಗಿ ಬಂದಿರಲಿಲ್ಲ.

ಒಂದು ಡಾಲರಿನ ಪೇಟೆಂಟಿನಿಂದ 80 ಕೋಟಿ ಡಾಲರಿನ ಒಪ್ಪಂದದವರೆಗಿನ ದೂರವೂ ಈ ಚರಿತ್ರೆಯ ಭಾಗವೇ. ಅಣುವಿನ ಮಟ್ಟದಲ್ಲಿ ಕಗ್ಗಂಟು ಬಿಡಿಸುತ್ತಿದೆ. ಈ ಇನ್ಸುಲಿನ್ ಮನುಷ್ಯರಲ್ಲೂ ಸುರಕ್ಷಿತವೆಂದು ಸಾಬೀತಾದ ಮೇಲೆ ಅದು ಯಾರ ಕೈಗೆ ಎಟಕುತ್ತದೆ ಎಂಬುದನ್ನು ರಸಾಯನಶಾಸ್ತ್ರ ತೀರ್ಮಾನಿಸುವುದಿಲ್ಲ, ಬೆಲೆ ತೀರ್ಮಾನಿಸುತ್ತದೆ. ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತವರಿಗೂ ಅದು ಸಿಗುವ ದಿನ, ಬಾದಾಮಿಯ ಕಿಣ್ವದಿಂದ ಶುರುವಾದ ಈ ಕಥೆ ಒಂದು ಸುತ್ತು ಮುಗಿಸಿದಂತಾಗುತ್ತದೆ.